ಪೌಡರನ ಕ್ಲೀನಪ್

ಪಾರ್ಲರ್ ಅಕ್ಕನಿಗೆ ಏನಾದರೂ ಒಳಗೆ ಮುಚ್ಚಿಕೊಂಡು ಕೂತಿರುವುದನ್ನು ಕಂಡರೆ ಆಗುತ್ತಿರಲಿಲ್ಲ. ಗಲ್ಲದ ಮೇಲೊಂದು ಗುಳ್ಳೆಯೋ, ಮೂಗಿನ ಪಕ್ಕ ಒಂದು ಕಪ್ಪು ಚುಕ್ಕೆಯೋ ಕಣ್ಣಿಗೆ ಬಿದ್ದರೆ ಸಾಕು, ಅವಳ ಎರಡೂ ಹೆಬ್ಬೆರಳು ತಾವಾಗಿಯೇ ಎದ್ದು ನಿಲ್ಲುತ್ತಿದ್ದವು. ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಇದನ್ನು ಹೀಗೇ ಬಿಟ್ಟರೆ ಕಲೆ ನಿಂತುಬಿಡುತ್ತದೆ ಎಂದು ಹೇಳಿ ಅವಳಿಂದ ಉಗಿಸಿಕೊಂಡವಳು ಈಕೆ. ಉಗಿಸಿಕೊಂಡರೂ ಇಳಿಯುವ ಮುಂಚೆ ಆ ಹೆಂಗಸಿನ ಕೈಗೆ ತನ್ನ ಪಾರ್ಲರಿನ ಕಾರ್ಡು ತುರುಕಿದ್ದಳು.

ಪಾರ್ಲರ್ ಎಂದರೆ ಮನೆಯ ಮುಂದಿನ ಕೋಣೆ. ಹಿಂದಕ್ಕೆ ಒರಗುವ ಒಂದು ಕುರ್ಚಿ, ಆವಿ ಕಾರುವ ಒಂದು ಯಂತ್ರ, ಸುತ್ತಲೂ ಬಲ್ಬು ಹಾಕಿಸಿದ ಕನ್ನಡಿ. ಅರ್ಧ ಬಲ್ಬು ಉರಿಯುತ್ತಿರಲಿಲ್ಲ. ಅದೇ ಒಳ್ಳೆಯದಾಗಿತ್ತು ಅನ್ನಿ, ಅರ್ಧ ಬೆಳಕಿನಲ್ಲಿ ಎಲ್ಲರೂ ಚೆಂದ ಕಾಣುತ್ತಾರೆ. ಬಂದವರೆಲ್ಲ ನಿಮ್ಮ ಕೈಗುಣ ಚೆನ್ನಾಗಿದೆ ಅಕ್ಕ ಎನ್ನುತ್ತಿದ್ದರು. ಹೊಗಳಿಕೆಯನ್ನು ನಂಬುವುದರಲ್ಲಿ ಪಾರ್ಲರ್ ಅಕ್ಕ ಯಾರಿಗೂ ಕಡಿಮೆ ಇರಲಿಲ್ಲ. ಅವಳ ಧರ್ಮ, ಶಾಸ್ತ್ರ ಎಲ್ಲವೂ ಒಂದೇ ಮಾತಿನಲ್ಲಿತ್ತು: ಕ್ಲೀನಪ್, ಅಂದರೆ ಮುಖಕ್ಕೆ ಆವಿ ಹಿಡಿದು ಒಳಗಿನ ಕೊಳೆಯನ್ನು ಹಿಂಡಿ ತೆಗೆಯುವುದು. ತೊಂದರೆ ಇದ್ದವರಿಗೆ ಇರುವುದು ಹೋಗಲಿ ಎಂದು ಕ್ಲೀನಪ್, ಇಲ್ಲದವರಿಗೆ ಮುಂದೆ ಬರದಿರಲಿ ಎಂದು ಕ್ಲೀನಪ್. ಈ ಲೆಕ್ಕದಲ್ಲಿ ಭೂಮಿಯ ಮೇಲೆ ಅವಳ ಕುರ್ಚಿಯಿಂದ ತಪ್ಪಿಸಿಕೊಳ್ಳಬಲ್ಲ ಮುಖವೇ ಇರಲಿಲ್ಲ.

ಮನೆಯಲ್ಲಿ ಇದ್ದವರು ಮೂವರು. ಅವಳು, ಶಾಲಾ ಮಕ್ಕಳ ವ್ಯಾನು ಓಡಿಸುವ ಅವಳ ಗಂಡ, ಮತ್ತು ಪೌಡರ್. ಗಂಡ ದಿನವಿಡೀ ಮಕ್ಕಳ ಕಿರುಚಾಟ ಕೇಳಿ ಕೇಳಿ ಮಾತಿನ ಮೇಲೆಯೇ ಆಸೆ ಬಿಟ್ಟಿದ್ದ ಮನುಷ್ಯ. ಪೌಡರ್ ಬಿಳಿ ತುಪ್ಪಳದ ಗಿಡ್ಡ ನಾಯಿ. ಗಿರಾಕಿಗಳು ಪ್ರೀತಿಯಿಂದ ಹಾಕಿದ ಕ್ರೀಮ್ ಬಿಸ್ಕತ್ತು ತಿಂದು ದಿಂಬಿನ ಹಾಗೆ ಊದಿಕೊಂಡಿತ್ತು. ಮಕ್ಕಳಿಲ್ಲದ ಆ ಮನೆಯಲ್ಲಿ ಎತ್ತಿ ಮುದ್ದಾಡಲು ಬೇರೆ ಯಾರಿದ್ದರು? ಊರವರ ಮುಂದೆ ಅವಳ ಬಾಯಿ ಎಷ್ಟೇ ಜೋರಿರಲಿ, ಈ ನಾಯಿ ಒಂದು ಹೊತ್ತು ಮುಖ ತಿರುಗಿಸಿದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಬ್ಯಾಂಕಿನ ಮೇಡಂ ಕಣ್ಣ ಮೇಲೆ ಸೌತೆಕಾಯಿ ಬಿಲ್ಲೆ ಇಟ್ಟುಕೊಂಡು ಮಲಗಿದ್ದರು. ಪೌಡರ್ ಎದ್ದು ಬಂದು, ಹಿಂಗಾಲು ಮುಂದಕ್ಕೆ ಚಾಚಿ, ಕುಂಡೆಯನ್ನು ನೆಲಕ್ಕೆ ಉಜ್ಜುತ್ತಾ ಬಾಗಿಲಿಂದ ಕನ್ನಡಿಯವರೆಗೆ ಮೆರವಣಿಗೆ ಹೊರಟಿತು. ಹಿಂದೆಯೇ ಕೊಳೆತ ಮೀನಿನ ವಾಸನೆ. ಮೇಡಂ ಮೂಗು ಅರಳಿಸಿ, ಇದ್ಯಾವ ಕ್ರೀಮು ಎಂದು ಕೇಳಿದರು. ಸಮುದ್ರದ ಪಾಚಿಯದ್ದು, ಹೊಸದು ಎಂದಳು ಪಾರ್ಲರ್ ಅಕ್ಕ, ಕಣ್ಣು ಮಿಟುಕಿಸದೆ. ಹಾಗಾದರೆ ಕತ್ತಿಗೂ ಸ್ವಲ್ಪ ಹಚ್ಚಿ ಎಂದರು ಮೇಡಂ.

ಸಂಜೆ ನಾಯಿಯನ್ನು ಪಶುವೈದ್ಯೆಯ ಹತ್ತಿರ ಒಯ್ದರು. ಡಾಕ್ಟರಮ್ಮ ಗ್ಲೌಸು ಹಾಕಿಕೊಂಡು, ಬಾಲ ಎತ್ತಿ, ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ, ಕಂದು ಬಣ್ಣದ ರಸ ತೆಗೆದು ಹತ್ತಿಗೆ ಒರೆಸಿದರು. ಆಮೇಲೆ ತಾಳ್ಮೆಯಿಂದ ವಿವರಿಸಿದರು. ನಾಯಿಯ ಗುದದ ಎರಡೂ ಪಕ್ಕ ಬಟಾಣಿ ಗಾತ್ರದ ಎರಡು ಚೀಲ ಇರುತ್ತವೆ. ಮಲ ಗಟ್ಟಿಯಾಗಿ ಹೋದರೆ ಆ ಒತ್ತಡಕ್ಕೆ ಅವು ತಾವೇ ಖಾಲಿಯಾಗುತ್ತವೆ. ಇದಕ್ಕೆ ಮಲ ಸಡಿಲ, ಮೈ ದಪ್ಪ, ಅದಕ್ಕೇ ತುಂಬಿಕೊಂಡಿದೆ. ಬಿಸ್ಕತ್ತು ನಿಲ್ಲಿಸಿ, ಬೇಯಿಸಿದ ಸಿಹಿಗುಂಬಳ ಒಂದೆರಡು ಚಮಚ ಊಟದಲ್ಲಿ ಕಲಸಿ, ನಡೆಸಿ. ಮತ್ತೆ ನೆಲಕ್ಕೆ ಉಜ್ಜಿದರೆ ಇಲ್ಲಿಗೆ ಕರೆತನ್ನಿ, ಸುಮ್ಮಸುಮ್ಮನೆ ಒತ್ತಬೇಡಿ ಎಂದರು. ಇಷ್ಟರಲ್ಲಿ ಪಾರ್ಲರ್ ಅಕ್ಕನ ಕಿವಿಗೆ ಬಿದ್ದದ್ದು ಕಾಲುಭಾಗವೂ ಅಲ್ಲ. ಅವಳು ನೋಡುತ್ತಿದ್ದುದು ಡಾಕ್ಟರಮ್ಮನ ಬೆರಳುಗಳನ್ನು. ಅಷ್ಟೇನಾ, ಇದಕ್ಕಿಂತ ಕಷ್ಟದ್ದನ್ನು ನಾನು ಜನರ ಮೂಗಿನ ಮೇಲೆ ದಿನಾ ತೆಗೆಯುತ್ತೇನೆ ಎಂದು ದಾರಿಯುದ್ದಕ್ಕೂ ಗಂಡನಿಗೆ ಹೇಳಿದಳು.

ಅಂದಿನಿಂದ ಪಾರ್ಲರಿನ ರಜಾದಿನ ಪೌಡರನ ಕ್ಲೀನಪ್ ದಿನವಾಯಿತು. ಬಿಸಿನೀರಲ್ಲಿ ಅದ್ದಿದ ಟವೆಲ್ಲು, ಗ್ಲೌಸು, ಹತ್ತಿ, ಕೊನೆಗೆ ಗುಲಾಬಿ ನೀರಿನ ಸಿಂಪಡಿಕೆ. ಏನು ವೈಭೋಗ! ಬಿಸ್ಕತ್ತು ಮಾತ್ರ ನಿಲ್ಲಲಿಲ್ಲ, ಗಿರಾಕಿಗಳ ಮನಸ್ಸು ನೋಯಿಸುವುದು ಹೇಗೆ? ಗಂಡ ತಲೆ ಹಿಡಿದುಕೊಳ್ಳಬೇಕು, ಅವಳು ಬಾಲ ಎತ್ತಬೇಕು. ನಾಯಿ ಈಗ ಉಜ್ಜುತ್ತಿಲ್ಲವಲ್ಲ, ಮತ್ಯಾಕೆ ಎಂದು ಅವನು ಒಂದು ಸಲ ಕೇಳಿದ. ಉಜ್ಜುವವರೆಗೂ ಕಾಯಬೇಕೇನು ಎಂದು ಬಂತು ಉತ್ತರ. ಎಷ್ಟೋ ವಾರ ಒತ್ತಿದರೂ ಏನೂ ಬರುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ಬರುವುದಾದರೂ ಏನು? ಆದರೆ ಹದಿನೈದು ವರ್ಷ ಜನರ ಮೂಗು ಹಿಂಡಿದವಳ ಅನುಭವ ಬೇರೆಯೇ ಹೇಳುತ್ತಿತ್ತು: ಬರಲಿಲ್ಲ ಎಂದರೆ ಒಳಗೆ ಗಟ್ಟಿಯಾಗಿ ಕೂತಿದೆ ಎಂದರ್ಥ, ಇನ್ನಷ್ಟು ಒತ್ತಬೇಕು. ಒತ್ತಿದಳು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ. ಇಲ್ಲಿ ಬಿಟ್ಟವಳು ಒಬ್ಬಳು, ಕಚ್ಚಿಸಿಕೊಂಡದ್ದು ಪೌಡರ್.

ಇಷ್ಟು ಸಾಲದೆಂದು ಪ್ರಚಾರ ಬೇರೆ. ಹುಬ್ಬು ತೀಡುವ ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೇ, ನಾಯಿ ಸಾಕಿದ ಗಿರಾಕಿಗಳಿಗೆ ಪಾಠ ನಡೆಯುತ್ತಿತ್ತು. ಡಾಕ್ಟರ ಹತ್ತಿರ ಯಾಕೆ ಹೋಗುತ್ತೀರಿ, ಮನೆಯಲ್ಲೇ ಮಾಡಿಕೊಳ್ಳಿ, ಕೈ ಪಳಗಬೇಕು ಅಷ್ಟೇ ಎನ್ನುತ್ತಿದ್ದಳು. ಹುಬ್ಬು ಅವಳ ಕೈಯಲ್ಲಿರುವಾಗ ಎದುರುತ್ತರ ಕೊಡುವ ಧೈರ್ಯ ಯಾರಿಗಿದೆ? ಎಲ್ಲರೂ ಹೂಂಗುಟ್ಟಿದರು.

ಮೊದಲು ಪೌಡರ್ ಹಿಂದಕ್ಕೆ ತಿರುಗಿ ತಿರುಗಿ ನೆಕ್ಕಿಕೊಳ್ಳತೊಡಗಿತು. ಆಮೇಲೆ ಕೂರುವಾಗ ಒಂದು ಪಕ್ಕಕ್ಕೆ ವಾಲಿ ಕೂತಿತು. ಒಂದು ಬೆಳಿಗ್ಗೆ ಬಿಸ್ಕತ್ತು ಮೂಗಿಗೆ ಹಿಡಿದರೂ ಬಾಯಿ ತೆರೆಯಲಿಲ್ಲ. ಬಾಲದ ಕೆಳಗೆ ಎಡಪಕ್ಕದಲ್ಲಿ ನೆಲ್ಲಿಕಾಯಿಯಷ್ಟು ಕೆಂಪು ಬಾವು, ತುದಿಯಲ್ಲಿ ಕೀವು. ಮುಟ್ಟಲು ಹೋದವಳಿಗೆ ಅದು ಮೊದಲ ಸಲ ಹಲ್ಲು ತೋರಿಸಿತು. ಪಾರ್ಲರ್ ಅಕ್ಕನಿಗೆ ಜೀವ ಬಾಯಿಗೆ ಬಂತು. ಅಯ್ಯೋ, ಇದು ಸತ್ತುಗಿತ್ತು ಹೋದರೆ ನನ್ನ ಗತಿಯೇನು ಎಂದು ಅಳುತ್ತಾ, ಅರ್ಧ ಫೇಶಿಯಲ್ ಆಗಿದ್ದ ಹೆಂಗಸನ್ನು ಹಾಗೇ ಕುರ್ಚಿಯಲ್ಲಿ ಬಿಟ್ಟು ವ್ಯಾನು ಹತ್ತಿದಳು. ನಾಯಿ ಮಾತ್ರ ಅವಳ ಮಡಿಲಿಗೆ ಬರಲೊಲ್ಲದೆ, ವ್ಯಾನು ಓಡಿಸುತ್ತಿದ್ದ ಗಂಡನ ಕಾಲ ಹತ್ತಿರ ಮುದುಡಿಕೊಂಡಿತು.

ಡಾಕ್ಟರಮ್ಮ ಬಾಲ ಎತ್ತಿ ನೋಡಿದವರೇ ಹುಬ್ಬು ಗಂಟಿಕ್ಕಿದರು. "ಯಾರು ಇದನ್ನ ಹಿಂಡ್ತಾ ಇದ್ದಿದ್ದು?"

ಬಾಗಿಲ ಪಕ್ಕದಲ್ಲಿ ಚೀಟಿ ಬರೆಯುವ ಹುಡುಗಿ ನಿಂತಿದ್ದಳು. ಅವಳ ಎರಡು ಹುಬ್ಬೂ ಪಾರ್ಲರ್ ಅಕ್ಕನ ಕೈಕೆಲಸ. ಇವಳಿಗೆ ಗೊತ್ತಾದರೆ ನಾಳೆ ಬೀದಿಗೆಲ್ಲ ಗೊತ್ತು. ಹದಿನೈದು ವರ್ಷದ ಕೈಗುಣ ನಾಯಿಯ ಬಾಲದಡಿ ಮಣ್ಣುಪಾಲು. ಪಾರ್ಲರ್ ಅಕ್ಕ ಹೆಚ್ಚು ಯೋಚಿಸಲಿಲ್ಲ, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಹೇಳಿದಳು.

"ಇವರೇ ಡಾಕ್ಟ್ರೇ. ನಾನು ಬೇಡ ಬೇಡ ಅಂದೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಡಾಕ್ಟರಮ್ಮ ಆ ಗಂಡನಿಗೆ ಮಾಡಿದ ಮಂಗಳಾರತಿ ಅಷ್ಟಿಷ್ಟಲ್ಲ. ಚೆನ್ನಾಗಿರುವ ಚೀಲವನ್ನು ವಾರವಾರ ಹಿಂಡಿದರೆ ಒಳಗೆ ಗಾಯವಾಗಿ, ಊದಿ, ರಸ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ. ಇಲ್ಲದ ರೋಗವನ್ನು ನೀವೇ ಕೂತು ಮಾಡಿದ್ದೀರಿ. ಬಾಯಿಲ್ಲದ ಪ್ರಾಣಿ ಎಂದು ಏನು ಬೇಕಾದರೂ ಮಾಡಬಹುದೇ ಎಂದು ಕೇಳಿದರು. ಅವನು ಹೆಂಡತಿಯ ಕಡೆ ಒಂದು ಸಲ ನೋಡಿದ. ತಲೆ ತಗ್ಗಿಸಿ ಬೈಗುಳವನ್ನೆಲ್ಲ ತನ್ನ ಮೇಲೆಯೇ ಹಾಕಿಕೊಂಡ. ಅವಳು ಗೋಡೆಯ ಮೇಲಿನ ಬೆಕ್ಕಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ಬಾವು ಒಡೆದು, ತೊಳೆದು, ಇಂಜೆಕ್ಷನ್ ಚುಚ್ಚಿದ್ದಾಯಿತು. "ಇನ್ಮೇಲೆ ನೀವು ಅದರ ಹಿಂದೆ ಕೈ ಹಾಕ್ಲೇಬೇಡಿ" ಎಂದು ಗಂಡನಿಗೆ ಹೇಳಿ ಡಾಕ್ಟರಮ್ಮ ಇವಳ ಕಡೆ ತಿರುಗಿದರು. "ಮೇಡಂ, ಬನ್ನಿ ನೀವು. ಬಿಸಿಬಟ್ಟೆ ಇಡೋದು ಹೇಗೆ ಅಂತ ತೋರಿಸ್ತೀನಿ. ದಿನಾ ನೀವೇ ಮಾಡ್ಬೇಕು."

ಪಾರ್ಲರ್ ಅಕ್ಕ ಮುಂದೆ ಬಂದು ಕೈ ಚಾಚಿದಳು. ಕೈ ಇನ್ನೂ ಗಾಳಿಯಲ್ಲಿತ್ತು. ಪೌಡರ್ ಕಿರುಚಿಕೊಂಡು, ಮೇಜಿನ ಮೇಲೆ ಹಿಂದೆ ಹಿಂದೆ ಸರಿದು, ಬಾಲವನ್ನು ಹೊಟ್ಟೆಯ ಕೆಳಗೆ ಒತ್ತಿಕೊಂಡು, ಗಂಡನ ಕಂಕುಳಲ್ಲಿ ಮುಖ ಹುಗಿದು, ನಿಂತಲ್ಲೇ ಉಚ್ಚೆ ಹೊಯ್ದುಬಿಟ್ಟಿತು. ಇಷ್ಟು ಹೊತ್ತು ಬೈಸಿಕೊಂಡವನ ಅಂಗಿಯೇ ಒದ್ದೆಯಾಯಿತು. ಅವನು ಅದರ ಬೆನ್ನಿನ ಮೇಲೆ ಕೈಯಿಟ್ಟ, ಅದು ನಡುಗುವುದು ನಿಂತಿತು. ಡಾಕ್ಟರಮ್ಮ ನಾಯಿಯನ್ನು ನೋಡಿದರು, ಅವನನ್ನು ನೋಡಿದರು, ಆಮೇಲೆ ಚಾಚಿದ ಆ ಕೈಯನ್ನು ನೋಡಿದರು.

"ಮೇಡಂ, ನೀವು ಸ್ವಲ್ಪ ಹೊರಗೆ ಕೂತಿರಿ" ಎಂದರು.

ಚೀಟಿ ಬರೆಯುವ ಹುಡುಗಿ ಬಾಗಿಲು ತೆರೆದು ಹಿಡಿದಳು. ಅವಳ ಮುಖದಲ್ಲಿ ನಗುವಿರಲಿಲ್ಲ, ಆದರೆ ಆ ಹುಬ್ಬುಗಳು ಮಾತ್ರ ಮೇಲಕ್ಕೇರಿದ್ದವು.

ವಾಪಸು ಬರುವಾಗ ಗಂಡ ಬೈಯುತ್ತಾನೆಂದು ಆಕೆ ಕಾದಳು. ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು, ಆ ಭಾಗ್ಯವೂ ಸಿಗಲಿಲ್ಲ. ಮನೆ ಮುಂದೆ ವ್ಯಾನು ನಿಲ್ಲಿಸಿದ ಮೇಲೆ ಅವನು ಇಷ್ಟೇ ಹೇಳಿದ: "ನನ್ನ ಮೇಲೆ ಹಾಕಿದ್ದು ಹೋಗ್ಲಿ ಬಿಡು, ನಾನು ಸುಮ್ನಿದ್ದೆ. ಅದಕ್ಕೆ ಸುಮ್ನಿರೋಕೆ ಬರ್ಲಿಲ್ಲ."

ಬಿಸಿಬಟ್ಟೆ ಇಟ್ಟವನು ಅವನೇ. ಮಾತ್ರೆ ತಿನ್ನಿಸಿದವನು, ಸಿಹಿಗುಂಬಳ ಬೇಯಿಸಿ ಕಲಸಿದವನು, ಬೆಳಿಗ್ಗೆ ನಡೆಸಿಕೊಂಡು ಹೋದವನು ಅವನೇ. ಕ್ರೀಮ್ ಬಿಸ್ಕತ್ತಿನ ಡಬ್ಬವನ್ನು ಅವಳೇ ಎತ್ತಿ ಅಟ್ಟಕ್ಕೆ ಹಾಕಿದಳು, ಅದೊಂದು ಒಪ್ಪಿಕೊಳ್ಳಬೇಕು. ಬಾವು ಇಳಿಯಿತು, ಮಲ ಗಟ್ಟಿಯಾಯಿತು, ಆ ಎರಡು ಚೀಲಗಳು ಯಾರ ಹಂಗೂ ಇಲ್ಲದೆ ತಮ್ಮ ಕೆಲಸ ತಾವು ಮಾಡಿಕೊಂಡವು. ಪೌಡರ್ ಕುಣಿಯಿತು, ಓಡಿತು, ಗಿರಾಕಿಗಳ ಕೈ ನೆಕ್ಕಿತು.

ಒಂದು ಮಾತ್ರ ಮೊದಲಿನಂತಾಗಲಿಲ್ಲ. ಪೌಡರ್ ಅವಳಿಗೆ ಬೆನ್ನು ಕೊಡುತ್ತಿರಲಿಲ್ಲ. ಅವಳು ಇರುವ ಕೋಣೆಯಲ್ಲಿ ಅದು ಕುಂಡೆಯನ್ನು ಗೋಡೆಗೆ ಅಂಟಿಸಿಯೇ ಕೂರುವುದು. ಅವಳು ಕ್ರೀಮಿಗೆ ಕೈ ಚಾಚಿದರೆ ಅದರ ಕಣ್ಣು ಕೈಯ ಹಿಂದೆ ಹೋಗುವುದು, ಅವಳು ಆಚೆ ಬದಿಗೆ ಬಂದರೆ ಅದೂ ಅಲ್ಲಿಂದಲೇ ತಿರುಗಿಕೊಳ್ಳುವುದು. ನೆಲದ ಮೇಲೆ ಕೂತು ಬಾರೋ ರಾಜಾ ಎಂದು ಕರೆದಳು, ಅತ್ತಳು, ಕಾಲು ಹಿಡಿಯುವುದೊಂದು ಬಾಕಿ. ಅದು ಬಾಲ ಆಡಿಸಿತು, ಜಾಗ ಬಿಟ್ಟು ಏಳಲಿಲ್ಲ.

ಬ್ಯಾಂಕಿನ ಮೇಡಂ ಮತ್ತೆ ಬಂದರು. ಕುರ್ಚಿಯಲ್ಲಿ ಒರಗಿ, ಮುಖವನ್ನು ಪಾರ್ಲರ್ ಅಕ್ಕನ ಎರಡು ಕೈಗೆ ಒಪ್ಪಿಸಿ, ಕನ್ನಡಿಯಲ್ಲಿ ನಾಯಿಯನ್ನು ಕಂಡು ಕರಗಿಹೋದರು. "ಎಷ್ಟು ಪ್ರೀತಿ ನೋಡಿ ಅಕ್ಕ ಅದಕ್ಕೆ. ನಿಮ್ಮ ಮೇಲಿಂದ ಕಣ್ಣೇ ತೆಗೀತಿಲ್ಲ."

ಪಾರ್ಲರ್ ಅಕ್ಕನ ಹೆಬ್ಬೆರಳು ಮೇಡಂ ಮೂಗಿನ ಪಕ್ಕ ನಿಂತಿತು. ಹೂಂ ಎನ್ನಲು ಬಾಯಿ ತೆರೆದವಳು ಕನ್ನಡಿ ನೋಡಿದಳು.

"ಪ್ರೀತಿ ಅಲ್ಲ ಮೇಡಂ" ಎಂದಳು. "ಅದಕ್ಕೆ ಈ ಕೈ ಕಂಡ್ರೆ ಭಯ."

ಮೇಡಂ ಕುರ್ಚಿಯಲ್ಲಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸರಿದು, ಮುಖವನ್ನು ಆ ಕೈಗಳಿಂದ ಮೆಲ್ಲಗೆ ಬಿಡಿಸಿಕೊಂಡರು.