ಶರಣಮ್ಮನಿಗೆ ಮುಟ್ಟದ ಆಮಂತ್ರಣ

ರೊಟ್ಟಿ ಬಡಿಯುವ ಸದ್ದು ಕೇಳಿದರೆ ನಿಮಗೆ ಹಸಿವಾಗಬಹುದು; ನನಗೆ ವೆಬ್‌ಸೈಟು ನೆನಪಾಗುತ್ತದೆ. ನಗಬೇಡಿ. ಇವತ್ತು ಬೆಳಿಗ್ಗೆಯೂ ಪಕ್ಕದ ಮನೆಯಲ್ಲಿ ಟಪಟಪ ಶುರುವಾದೊಡನೆ ಹಾಗೇ ಆಯಿತು.

ನರೋಣಾ ಶಾಲೆಯ ನಮ್ಮ ಹಳೆಯ ಗುಂಪನ್ನೆಲ್ಲ ಒಂದೆಡೆ ಸೇರಿಸುವ ಹುಚ್ಚು ನನಗೆ ಹಿಡಿದಿತ್ತು. ಕಾರ್ಡು ಹಂಚಿದ್ದರೆ ಸಾಕಿತ್ತು. ಆದರೆ ಆಳಂದದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು ಸುಮ್ಮನಿರುವುದುಂಟೆ? ಗುಂಡಿ ಒತ್ತಿದರೆ ಒಬ್ಬೊಬ್ಬರ ಬಾಲ್ಯದ ಫೋಟೊ ಅಂಟಿಸಿ ಅವರವರ ಮೊಬೈಲಿಗೆ ಆಮಂತ್ರಣ ಕಳಿಸುವ ವೆಬ್‌ಸೈಟು ಕಟ್ಟಿದೆ. ಒತ್ತಿದೆ. ಸರ್ವರ್ ಅರ್ಧ ನಿಮಿಷ ದುಡಿದು, ಹೊತ್ತು ಮೀರಿತೆಂದು ನಡುವೆಯೇ ಕೈಬಿಟ್ಟಿತು. ಮತ್ತೆ ಒತ್ತಿದೆ; ಮತ್ತೆ ಮೊದಲಿನಿಂದ ಶುರು, ಮತ್ತೆ ಅಲ್ಲೇ ಠಪ್. ನಾನೂ ಹಟಮಾರಿ, ಒತ್ತುತ್ತಲೇ ಹೋದೆ. ಹೆಸರುಗಳಿದ್ದದ್ದು ಅಕಾರಾದಿಯಲ್ಲಿ. ಅಂಬಾರಾಯನಿಗೆ ಆಮಂತ್ರಣಗಳ ಸುರಿಮಳೆ. ನಮ್ಮ ಕಡೆಯೋ, ಅರ್ಧ ಊರೇ ಶರಣಪ್ಪ, ಶಾಂತಬಾಯಿ, ಶಿವಲೀಲಾ! ಅವರಾರಿಗೂ ಒಂದೂ ಮುಟ್ಟಲಿಲ್ಲ.

ಅದರಲ್ಲೂ ಶರಣಮ್ಮ! ಶಾಲೆಯ ಪ್ರಾರ್ಥನೆಯಲ್ಲಿ ನಾವೆಲ್ಲ ಬಾಯಿ ಆಡಿಸುತ್ತಿದ್ದೆವು, ಹಾಡುತ್ತಿದ್ದವಳು ಅವಳೊಬ್ಬಳೇ. ಅವಳಿಲ್ಲದ ಕೂಟ ಉಪ್ಪಿಲ್ಲದ ಊಟ. ಅವಳೇ ಫೋನ್ ಮಾಡಿದಳು.

"ಅಂಬಾರಾಯಗ ಮ್ಯಾಲಿಂದ ಮ್ಯಾಲ ಕರಿತಿ, ನನಗ ಒಂದು ಮಾತಿಲ್ಲೇನಲೇ? ನಿನ್ನ ಕಾರ್ಯಕ್ರಮ ನೀನೇ ಮಾಡ್ಕೋ. ನಾ ಬರಂಗಿಲ್ಲ."

ಮರುದಿನವೇ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಗಾಣಗಾಪುರದ ಬಸ್ಸು ಹತ್ತಿದೆ. ಅಲ್ಲಿ ಅವಳದೊಂದು ಲಾಡ್ಜು. ಮಧುಕರಿಯ ಹೊತ್ತು, ಬಡವ ಬಲ್ಲಿದನೆನ್ನದೆ ಭಕ್ತರೆಲ್ಲ ಜೋಳಿಗೆ ಹಿಡಿದು ಮನೆಗೊಂದು ತುಣುಕಿನಂತೆ ಐದು ಮನೆ ಬೇಡುತ್ತಿದ್ದರು. ಎದುರಿಗೆ ಹೋಗಲು ಧೈರ್ಯ ಸಾಲದೆ ನಾನೂ ಕೈಚೀಲ ಒಡ್ಡಿ ಅವಳ ಬಾಗಿಲ ಮುಂದಿನ ಸಾಲಿನಲ್ಲಿ ನಿಂತೆ. ಶರಣಮ್ಮ ರೊಟ್ಟಿಯ ತುಣುಕು ಹಾಕಿ, ಮುಖ ನೋಡಿ ಹುಬ್ಬು ಗಂಟಿಕ್ಕಿದಳು. ನಾನು ಕದಲಲಿಲ್ಲ.

"ಇಲ್ಲೇ ಜೋಳಿಗಿ ತುಂಬಿಸ್ಕೋಬೇಕಂತ ಮಾಡಿಯೇನು? ಮುಂದಿನ ಮನಿಗಿ ನಡಿ!"

"ತಪ್ಪು ನಂದಲ್ಲವ್ವಾ, ಸರ್ವರ್‌ದು..."

"ಹಂಗಾರ ಸರ್ವರೇ ಕರಿಲಿ, ಬರ್ತೇನಿ."

ಮೂರನೆಯ ಮನೆ ಮುಂದೆ ನಿಂತಾಗ ನನಗೆ ನಗು ತಡೆಯಲಾಗಲಿಲ್ಲ. ಸರ್ವರಿನ ಹತ್ತಿರವೂ ಒಂದೇ ಒತ್ತಿಗೆ, ಒಂದೇ ಬಾಗಿಲಲ್ಲಿ ಚೀಲ ತುಂಬಿಸಲು ಹೊರಟಿದ್ದೆನಲ್ಲ ನಾನು, ಶತದಡ್ಡ! ಓಡಿಬಂದು ಅವಳ ಲಾಡ್ಜಿನ ಕಟ್ಟೆಯ ಮೇಲೇ ಲ್ಯಾಪ್‌ಟಾಪ್ ಬಿಚ್ಚಿದೆ. ಗುಂಡಿ ಒತ್ತಿದರೆ ವೆಬ್‌ಸೈಟು "ಆಯ್ತು" ಎಂದಷ್ಟೇ ಹೇಳಬೇಕು. ತೆರೆಯ ಹಿಂದೆ ಸರ್ವರ್ ನಿಮಿಷಕ್ಕೊಮ್ಮೆ ಎದ್ದು ನಾಲ್ಕಾರು ಆಮಂತ್ರಣ ಕಳಿಸಿ, ಎಲ್ಲಿಗೆ ನಿಂತೆನೆಂದು ನೆನಪಿಟ್ಟು ಮಲಗಬೇಕು. ಮತ್ತೆ ಎದ್ದಾಗ ಅಲ್ಲಿಂದಲೇ ಮುಂದೆ.

ಸಂಜೆಯ ಚಹಾದ ಹೊತ್ತಿಗೆ ಶರಣಮ್ಮನ ಫೋನು ಕುಂಯ್ ಎಂದಿತು. ಆಮಂತ್ರಣದ ಫೋಟೊದಲ್ಲಿ ಎರಡು ಜಡೆಯ, ಹಲ್ಲು ಬಿದ್ದ ಹುಡುಗಿ.

"ಅಯ್ಯ ಶಿವನೇ, ಇದು ನಾನೇನು!" ಎಂದು ನಗಲು ಹೋಗಿ ಅವಳ ಕಣ್ಣು ತುಂಬಿತು. ನನ್ನದೂ. ಆಮೇಲೆ ಅಲ್ಲೇ, ಯಾತ್ರಿಕರೆದುರಿಗೇ, ಆ ಪ್ರಾರ್ಥನೆ ಪೂರ್ತಿ ಹಾಡಿದಳು. ನಾನು ಎಂದಿನಂತೆ ಬಾಯಿ ಆಡಿಸಿದೆ.

ಈಗ ಪ್ರತಿವರ್ಷವೂ ಕೂಟ ನಡೆಯುತ್ತದೆ. ಈ ಸಲದ ಆಮಂತ್ರಣಗಳು ಒಳಗೆ ತಮ್ಮ ಪಾಡಿಗೆ ಹೊರಟಿವೆ, ನಾನು ನಮ್ಮ ಮನೆಯ ಕಟ್ಟೆಯ ಮೇಲೆ ನಿಮ್ಮ ಜೊತೆ ಹರಟುತ್ತಿದ್ದೇನೆ. ಸರ್ವರ್ ಇನ್ನೂ 'ಬ' ಅಕ್ಷರದಲ್ಲಿದೆ. ಶರಣಮ್ಮ ನಿನ್ನೆ ಸಂಜೆಯೇ ಬಂದು ಇಳಿದಿದ್ದಾಳೆ.