ಓದಿ ಹೇಳಿದ ಕಾಗದ

ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ಮಾರುವವನೊಬ್ಬ ಜರ್ಮನಿಯಲ್ಲಿ ಕಂಪನಿ ತೆರೆಯುತ್ತಾನೆ ಅಂದರೆ ಓಣಿಯವರು ನಗದೆ ಇನ್ನೇನು ಮಾಡಿಯಾರು? ನಕ್ಕರು. ಚಹಾದಂಗಡಿಯಲ್ಲಿ ಒಬ್ಬರು, "ಏನ್ರಿ ಮಾಲಕರ, ವಿಮಾನ ಎಲ್ಲಿ ನಿಂದರಸ್ತೀರಿ?" ಎಂದು ಕೇಳಿದರು. ನಾನೂ ಸುಮ್ಮನಿರುವ ಪೈಕಿ ಅಲ್ಲ. "ನಿಮ್ಮ ಹಿತ್ತಲದಾಗ್ರಿ, ಜರಾ ಸ್ವಚ್ಛ ಮಾಡಿ ಇಡ್ರಿ" ಅಂದೆ.

ವಿಷಯ ಇಷ್ಟೇ. ಅಲ್ಲಿಯ ಒಂದು ಅಂಗಡಿಯವರು ನಮ್ಮ ಖಣದ ಬಟ್ಟೆಯಿಂದ ಚೀಲ, ದಿಂಬಿನ ಹೊದಿಕೆ ಹೊಲಿಸಿ ಮಾರುತ್ತಿದ್ದರು. ಗಂಟು ಕಳಿಸಿದಾಗೊಮ್ಮೆ ಕಸ್ಟಮ್ಸಿನವರ ತಕರಾರು, ತಿಂಗಳುಗಟ್ಟಲೆ ತಡ. ಅಲ್ಲಿಯೇ ನೋಂದಣಿಯಾದ ಕಂಪನಿ ನಿಮ್ಮದೊಂದಿದ್ದರೆ ಮೂರು ವರ್ಷದ ಕರಾರು ಮಾಡಿಕೊಳ್ಳುತ್ತೇವೆ ಎಂದು ಅವರೇ ಬರೆದರು. ನಾನು ಆ ಪತ್ರವನ್ನು ಹತ್ತು ಸಲ ಓದಿದೆ.

ಆದರೆ ನಾನು ಬರೀ ಮಾರುವವ. ನೇಯುವವಳು ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು, ಓದಿದ್ದು ನಾಲ್ಕನೆಯ ಇಯತ್ತೆ. ಖಣದ ಮೇಲಿನ ಒಂದೊಂದು ಚಿಕ್ಕಿ ಹೂವಿಗೂ ಎಷ್ಟು ಎಳೆ ಎತ್ತಬೇಕು, ಎಷ್ಟು ಬಿಡಬೇಕು ಎಂಬುದು ಅವಳ ತಲೆಯಲ್ಲಿದೆ, ಎಲ್ಲಿಯೂ ಬರೆದಿಟ್ಟಿಲ್ಲ. ಅಂಗಡಿಯವರು ಕೇಳಿದ್ದು ಅವಳ ಕೈಯ ಖಣವನ್ನೇ. ನಾನು ಹೋಗಿ ವಿಷಯ ಹೇಳಿದಾಗ ಅವಳು ಲಾಳಿ ಎಸೆಯುವುದನ್ನು ನಿಲ್ಲಿಸಲಿಲ್ಲ.

"ಅರ್ಧಾ ನಂದು ಇರಬೇಕು" ಅಂದಳು.

"ಆತು."

"ಬಾಯಾಗ ಅಲ್ಲ. ಕಾಗದದಾಗ."

ಅವಳು ಕಾಗದ ಅಂದದ್ದೇಕೆ ಎಂದು ನನಗೆ ಗೊತ್ತಿತ್ತು. ಅಪ್ಪ ತೀರಿಕೊಂಡ ವರ್ಷ ಮನೆಯನ್ನು ನನ್ನ ಹೆಸರಿಗೆ ಮಾಡಿಕೊಳ್ಳಲು ಅವಳನ್ನು ಬಾದಾಮಿಯ ನೋಂದಣಿ ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಹಕ್ಕು ಬಿಟ್ಟ ಪತ್ರ. ನಮ್ಮ ಕಡೆ ತವರಿನ ಹೆಣ್ಣುಮಕ್ಕಳು ಬಂದು ಸಹಿ ಮಾಡಿ, ಸೀರೆ ಖಣ ತೆಗೆದುಕೊಂಡು, ಊಟ ಮಾಡಿ ಹೋಗುವುದು ರೂಢಿ. "ಇಲ್ಲಿ ಮಾಡಕ್ಕ, ಇಲ್ಲಿ, ಮತ್ತ ಇಲ್ಲಿ" ಎಂದು ನಾನು ಬೆರಳಿಟ್ಟು ತೋರಿಸಿದೆ. ಅವಳು ಬೆರಳು ಇದ್ದಲ್ಲೆಲ್ಲ ಮಾಡಿದಳು. ಐದು ಮಿನಿಟಿನ ಕೆಲಸ. ಆಮೇಲೆ ಇಳಕಲ್ ಸೀರೆಯ ಮೇಲೆ ಖಣ ಇಟ್ಟು ಕೊಟ್ಟೆ. ಆ ಖಣವನ್ನೂ ಅವಳೇ ನೇಯ್ದಿದ್ದಳು.

ಮುಂದೆ ಅವಳ ಗಂಡ ತೀರಿಹೋದ, ಅವನ ಮಗ್ಗವೂ ಹೋಯಿತು. ಒಬ್ಬಳೇ ಮಗಳನ್ನು ಇಳಕಲ್ಲಿಗೆ ಕೊಟ್ಟು, ಎರಡು ಓಣಿ ಆಚೆ ಬಾಡಿಗೆಯ ಖೋಲಿಯಲ್ಲಿದ್ದುಕೊಂಡು, ದಿನಾ ಬೆಳಿಗ್ಗೆ ನಮ್ಮ ಮನೆಗೆ ನೇಯಲು ಬರುತ್ತಾಳೆ. ಹೊಸ್ತಿಲ ಹೊರಗೆ ನಿಂತು "ಬರ್ಲೇನೋ ತಮ್ಮಾ?" ಎಂದು ಕೇಳಿಯೇ ಒಳಗೆ ಬರುವುದು. ಅವಳು ಹುಟ್ಟಿದ ಮನೆ ಅದು, ಮಗ್ಗದ ಕೆಳಗೆ ಕಾಲು ಇಳಿಬಿಡುವ ಆ ಕುಣಿಯಲ್ಲಿ ಅವ್ವನ ತೊಡೆಯ ಮೇಲೆ ಕೂತು ಲಾಳಿ ಹಿಡಿಯಲು ಕಲಿತವಳು. ಹದಿನಾಲ್ಕು ವರ್ಷ ಆ ಮಾತು ಕೇಳಿಸಿಕೊಂಡೆ. ಬರೀ ಮಾತಿನ ರೂಢಿ ಅಂದುಕೊಂಡಿದ್ದೆ.

ಜರ್ಮನಿಯ ಸಲಹೆಗಾರನೊಬ್ಬ ಕಂಪನಿಯ ಕರಡು ಮಾಡಿ ಮೇಲ್ ಕಳಿಸಿದ. ಕೊನೆಗೆ ಒಂದು ಪ್ರಶ್ನೆ ಕೇಳಿದ್ದ: ಪಾಲುದಾರರಲ್ಲಿ ಒಬ್ಬರಿಗೆ ಕೆಲಸ ಮಾಡಲು ಆಗದಂತಾದರೆ ಅವರ ಪಾಲನ್ನು ಇನ್ನೊಬ್ಬರು ಮೂಲ ಬೆಲೆಗೆ ತೆಗೆದುಕೊಳ್ಳುವ ಕಲಮು ಸೇರಿಸಲೇ? ಆಗ ಅಕ್ಕನ ಬಲಗೈ ಬೆರಳಿನ ಸಂದುಗಳು ಬಾತುಕೊಳ್ಳತೊಡಗಿದ್ದವು. ಮುಂಜಾನೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡರೇ ಲಾಳಿ ಹಿಡಿಯಲು ಬರುತ್ತಿದ್ದುದು. ನಾಳೆ ಅವಳು ನೇಯುವುದನ್ನು ಬಿಟ್ಟರೆ ಇಳಕಲ್ಲಿನ ಅವಳ ಅಳಿಯ ಪಾಲುದಾರನೆಂದು ಬಂದು ನನ್ನ ಪಕ್ಕ ಕೂಡುತ್ತಾನೆ ಎಂಬ ಲೆಕ್ಕ ನನ್ನ ತಲೆಯಲ್ಲಿ ಓಡಿತು. "ಹೌದು, ಸೇರಿಸಿ" ಎಂದು ಬರೆದೆ. ಅಕ್ಕನಿಗೆ ಹೇಳಲಿಲ್ಲ. ಮರೆತು ಹೇಳಲಿಲ್ಲ ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ.

ಅಕ್ಕ ಅಲ್ಲಿಗೆ ಬರುವ ಅಗತ್ಯವೇ ಇಲ್ಲ, ಒಂದು ಅಧಿಕಾರಪತ್ರಕ್ಕೆ ಸಹಿ ಮಾಡಿದರೆ ಸಾಕು, ಅವಳ ಪರವಾಗಿ ನೀವೇ ಮುಗಿಸಬಹುದು ಎಂದೂ ಸಲಹೆಗಾರ ತಿಳಿಸಿದ್ದ. ನನಗೂ ಅದೇ ಬೇಕಾಗಿತ್ತು. ಅಕ್ಕ ಮಾತ್ರ ಸುತರಾಂ ಒಪ್ಪಲಿಲ್ಲ.

"ನಿನ್ನ ಕೈಯಾಗ ಇನ್ನೊಂದು ಕಾಗದ ಕೊಡಂಗಿಲ್ಲ. ನಾನ ಬಂದು ಕೂಡತೇನಿ."

"ಅಲ್ಲಿ ಥಂಡಿ ಭಾಳ ಇರ್ತೈತಿ, ಅಕ್ಕ."

"ಸ್ವೆಟರ್ ತಗೋತೇನಿ."

ತಗೊಂಡಳು. ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೊಲೀಸರಿಗೆ ಚಹಾ ಮಾಡಿಕೊಟ್ಟಳು, ಮಹಾಕೂಟಕ್ಕೆ ಹೋಗಿ ಹೊಂಡದಲ್ಲಿ ಮುಳುಗಿ ಬಂದಳು, ಚೀಲದಲ್ಲಿ ಕಟಿರೊಟ್ಟಿ, ಶೇಂಗಾ ಚಟ್ನಿ ಮತ್ತು ಒಂದು ಕೆಂಪು ಖಣ ಇಟ್ಟುಕೊಂಡಳು. ವಿಮಾನದಲ್ಲಿ ಹೆದರಿದವನು ನಾನು. ಅವಳು ಸೀಟಿನ ಬಟ್ಟೆಯನ್ನು ಉಗುರಿನಿಂದ ಗೀರಿ, ನೇಯ್ಗೆ ಸಡಿಲು ಅಂದಳು.

ನಮ್ಮಲ್ಲಿ ನೋಟರಿ ಅಂದರೆ ಬೇವಿನ ಗಿಡದ ಕೆಳಗೆ ಠಸ್ಸೆ ಹಿಡಿದು ಕೂತವರು. ಅಲ್ಲಿಯೂ ಐದು ಮಿನಿಟಿನಲ್ಲಿ ಮುಗಿಸಿ ಊರು ನೋಡಲು ಹೋಗೋಣ ಎಂದು ನಾನು ಯೋಚಿಸಿದ್ದೆ. ಮೂರನೆಯ ಮಹಡಿಯ ಒಂದು ಸದ್ದಿಲ್ಲದ ಕೋಣೆಯಲ್ಲಿ, ನೆರೆತ ಕೂದಲಿನ ಹೆಂಗಸೊಬ್ಬರು ಎದ್ದು ನಿಂತು ಮೊದಲು ಅಕ್ಕನ ಕೈ ಹಿಡಿದರು, ಆಮೇಲೆ ನನ್ನದು. ಅವರೇ ನೋಟರಿ. ಪಕ್ಕದಲ್ಲಿ ಮೈಸೂರು ಕಡೆಯ ಒಬ್ಬ ತಾಯಿ, ಬಹಳ ವರ್ಷಗಳಿಂದ ಅಲ್ಲಿಯೇ ಇರುವವರು, ದುಭಾಷಿಯಾಗಿ ಬಂದಿದ್ದರು. ತಾನು ಒಂದು ಮಾತನ್ನೂ ಬಿಡದೆ, ಸೇರಿಸದೆ ಹೇಳುತ್ತೇನೆಂದು ಅವರು ಪ್ರಮಾಣ ಮಾಡಿದರು.

ನೋಟರಿ ಕನ್ನಡಕ ಹಾಕಿಕೊಂಡು ಏನೋ ಹೇಳಿದರು. ದುಭಾಷಿ ಕನ್ನಡದಲ್ಲಿ ಹೇಳಿದರು: "ಈ ದೇಶದ ಕಾಯಿದೆ ಪ್ರಕಾರ, ಇಡೀ ಪತ್ರವನ್ನು ನಿಮ್ಮ ಮುಂದೆ ಬಾಯಿಬಿಟ್ಟು ಓದಬೇಕು. ಓದದೆ ಸಹಿ ಹಾಕಿಸಿದರೆ ಪತ್ರ ನಿಲ್ಲುವುದಿಲ್ಲ. ಎಲ್ಲಿ ಬೇಕಾದರೂ ತಡೆದು ಕೇಳಬಹುದು."

ಅಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಓದು ಸುರುವಾಯಿತು. ಅವರು ಒಂದು ಸಾಲು ಓದುವುದು, ಇವರು ಅದನ್ನು ಕನ್ನಡದಲ್ಲಿ ಹೇಳುವುದು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ನಡೆದ ಹಾಗೆಯೇ. ಕಂಪನಿಯ ಹೆಸರು, ಊರು, ಉದ್ಯೋಗ, ಯಾರ ಪಾಲು ಎಷ್ಟು, ನಿರ್ದೇಶಕ ನಾನು ಎಂಬುದು. ಇಂಥ ಕಾಗದ ಅವರು ಸಾವಿರ ಓದಿರಬೇಕು, ಅರ್ಧ ಬಾಯಿಪಾಠವೇ ಇದ್ದೀತು. ಆದರೂ ಒಂದು ಸಾಲು ಹಾರಿಸಲಿಲ್ಲ. ಒಂದು ಪುಟ ಮುಗಿದಾಗೊಮ್ಮೆ ತಲೆಯೆತ್ತಿ ಅಕ್ಕನ ಮುಖ ನೋಡುತ್ತಿದ್ದರು. "ತಿಳಿಯಿತೇ?" ಎಂದು ದುಭಾಷಿ ಕೇಳುವರು. "ತಿಳೀತ್ರಿ" ಎಂದು ಅಕ್ಕ ಹೇಳುವಳು. ಒಂದು ಸರಕಾರ, ಅದರ ಕಾಯಿದೆ, ಅಷ್ಟು ಓದಿದ ಆ ಹೆಂಗಸು, ಎಲ್ಲರೂ ನಾಲ್ಕನೆಯ ಇಯತ್ತೆ ಕಲಿತ ನಮ್ಮಕ್ಕನಿಗೆ ತಿಳಿಯಲಿ ಎಂದು ಕಾಯುತ್ತ ಕೂತಿದ್ದರು. ಹಾಗೆ ಯಾರಾದರೂ ಅವಳಿಗಾಗಿ ಕಾದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನಾನು ಸೇರಿಸಲು ಹೇಳಿದ್ದ ಆ ಕಲಮು ಬರುತ್ತದೆ ಎಂಬ ನೆನಪು ಆಗ ಬಂತು. ಮುಂದಿದ್ದ ನೀರು ಕುಡಿದೆ. ಬಂತು. ನೋಟರಿ ಓದಿದರು, ದುಭಾಷಿ ಹೇಳಿದರು. ಅಕ್ಕ ಕೈಯೆತ್ತಿದಳು.

"ಅದನ್ನ ಮತ್ತೊಮ್ಮೆ ಓದ್ರಿ."

ಮುಖದ ಮೇಲೆ ಒಂದು ಗೆರೆ ಬದಲಾಗದೆ ಅವರು ಮತ್ತೊಮ್ಮೆ ಓದಿದರು.

"ನನ್ನ ಕೈ ನಡಿಯಂಗಿಲ್ಲ ಅಂತ ಹೇಳೋರು ಯಾರ್ರಿ?"

ನೋಟರಿ ಹಿಂದಿನ ಪುಟ ತಿರುವಿ ನೋಡಿ ಉತ್ತರ ಕೊಟ್ಟರು. "ಕಂಪನಿಯ ನಿರ್ದೇಶಕರು" ಎಂದರು ದುಭಾಷಿ.

"ಅಂದ್ರ ಇವನಾ?"

"ಹೌದಮ್ಮ."

ಅಕ್ಕ ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲಿದ್ದ ತನ್ನ ಬಲಗೈ ಬೆರಳುಗಳನ್ನು ನೋಡಿದಳು, ಒಮ್ಮೆ ಮಡಚಿದಳು, ಬಿಚ್ಚಿದಳು. "ಇದು ನಾವು ಮಾತಾಡಿದ್ದಲ್ರಿ" ಅಂದಳು. ನೋಟರಿ ಪೆನ್ನನ್ನು ಕೆಳಗಿಟ್ಟರು. ಇಬ್ಬರ ಇಚ್ಛೆಯೂ ಒಂದೇ ಆಗುವವರೆಗೆ ತಾನು ಮುಂದೆ ಓದುವುದಿಲ್ಲ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನಾನು ಜಗಳವಾಡುತ್ತಿದ್ದೆ. ಮೂವರು ಹೆಂಗಸರು ನನಗಾಗಿ ಕಾಯುತ್ತಿದ್ದರು, ಮತ್ತು ನನಗೆ ನನ್ನ ಬೆರಳು ಕಾಣುತ್ತಿತ್ತು, ಬಾದಾಮಿಯ ಕಚೇರಿಯಲ್ಲಿ ಇಲ್ಲಿ ಇಲ್ಲಿ ಎಂದು ತೋರಿಸಿದ ಬೆರಳು.

"ತಗದುಬಿಡ್ರಿ ಅದನ್ನ" ಅಂದೆ.

ಆ ಪುಟವನ್ನು ಹೊಸದಾಗಿ ಮುದ್ರಿಸಿ ತಂದರು. ಅದನ್ನೂ ಮೊದಲಿನಿಂದ ಕೊನೆಯವರೆಗೆ ಓದಿದರು. ಅಕ್ಕ ಸಹಿ ಮಾಡಿದಳು, ಯಾರೂ ಬೆರಳು ತೋರಿಸಲಿಲ್ಲ. ಆಮೇಲೆ ಸಹಾಯಕಿಯೊಬ್ಬಳು ಹಾಳೆಗಳನ್ನೆಲ್ಲ ಸೂಜಿಯಿಂದ ಹೊಲಿದು, ದಾರದ ತುದಿಯ ಮೇಲೆ ಮುದ್ರೆ ಒತ್ತಿದಳು. ಅಕ್ಕ ಬಗ್ಗಿ ಆ ದಾರವನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಒಂದು ಹಾಳೆ ತೆಗೆಯಬೇಕಾದರೂ ದಾರ ಹರಿಯಲೇಬೇಕು. "ಛಲೋ ಹುರಿ ಮಾಡ್ಯಾರ" ಅಂದಳು. ಅವಳ ಬಾಯಿಂದ ಅದು ದೊಡ್ಡ ಮಾತು. ಹೊರಡುವಾಗ ಚೀಲದಿಂದ ಆ ಕೆಂಪು ಖಣ ತೆಗೆದು ನೋಟರಿಗೆ ಕೊಡಲು ಹೋದಳು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, ತಾನು ಇಬ್ಬರಿಗೂ ಸಮ ಇರಬೇಕಾದವಳು, ಯಾರಿಂದಲೂ ಏನೂ ತೆಗೆದುಕೊಳ್ಳುವಂತಿಲ್ಲ ಎಂದು ಹಿಂದಿರುಗಿಸಿದರು. ಲಿಫ್ಟಿನಲ್ಲಿ ಅಕ್ಕ, "ಒಂದು ಖಣಾನೂ ತಗೊಳ್ಳಲಿಲ್ಲ ನೋಡು" ಅಂದಳು. ನನ್ನ ಕಲಮಿನ ಬಗ್ಗೆ ಆಗಲೂ ಮಾತಾಡಲಿಲ್ಲ, ವಿಮಾನದಲ್ಲಿಯೂ ಮಾತಾಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಕೆಲವು ವಾರಗಳ ಮೇಲೆ ಕಂಪನಿ ನೋಂದಣಿಯಾಯಿತು ಎಂದು ಮೇಲ್ ಬಂತು. ಮಧ್ಯಾಹ್ನ ಮಗ್ಗದ ಹತ್ತಿರ ಹೋಗಿ ಮೊಬೈಲಿನಲ್ಲಿ ತೋರಿಸಿದೆ. ಪಾಲುದಾರರ ಪಟ್ಟಿಯಲ್ಲಿ ಅವಳ ಹೆಸರು, ಎದುರಿಗೆ ಅರ್ಧ. ಅಕ್ಕ ಲಾಳಿ ಬಿಟ್ಟು, ಕೈ ಒರೆಸಿಕೊಂಡು ನೋಡಿದಳು.

"ಬಾದಾಮ್ಯಾಗ ನಾ ಸಹಿ ಮಾಡಿದ್ದು ಐತೇನು?"

"ಐತಿ. ಟ್ರಂಕಿನ್ಯಾಗ."

"ತಗೊಂಡು ಬಾ. ಓದು."

ಟ್ರಂಕು ತೆಗೆದು ತಂದೆ. ಕುಣಿಯ ಅಂಚಿಗೆ ಕೂತು ಓದಿದೆ. ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಯಾರದೋ ಗೋಡೆ, ಪಡಸಾಲೆ, ಅಡಿಗೆಮನೆ, ಹಿತ್ತಲು, ಒಳಗಿನ ಕುಣಿಮಗ್ಗ ಸಹಿತ. "ಸದರಿ ಆಸ್ತಿಯಲ್ಲಿ ನನ್ನ ಹಾಗೂ ನನ್ನ ವಾರಸುದಾರರ ಯಾವುದೇ ಹಕ್ಕು ಉಳಿದಿರುವುದಿಲ್ಲ." ಅಕ್ಕ ಕುಣಿಯಲ್ಲಿ ಕಾಲು ಇಳಿಬಿಟ್ಟು, ನೋಟರಿಯ ಮುಂದೆ ಕೂತಂತೆಯೇ ನೆಟ್ಟಗೆ ಕೂತು ಕೇಳುತ್ತಿದ್ದಳು. ಕೊನೆಯ ಸಾಲಿಗೆ ಬಂದು ನಾನು ನಿಂತುಬಿಟ್ಟೆ.

"ಯಾಕ ನಿಂತಿ? ಓದು."

"ಈ ಪತ್ರವನ್ನು ನನಗೆ ಓದಿ ಹೇಳಲಾಗಿದ್ದು, ನಾನು ಕೇಳಿ, ತಿಳಿದು, ಒಪ್ಪಿ, ಸ್ವಸಂತೋಷದಿಂದ ಸಹಿ ಮಾಡಿರುತ್ತೇನೆ."

"ಅದನ್ನ ಮತ್ತೊಮ್ಮೆ ಓದು."

ಓದಿದೆ.

"ಹ್ಞೂಂ" ಅಂದಳು. "ಓದಿ ಹೇಳಿದ್ದು ಈಗ ಖರೆ ಆತು." ಲಾಳಿ ಎತ್ತಿಕೊಂಡಳು.

ಮರುದಿನ ಮೊದಲ ಬಸ್ಸಿಗೆ ಬಾದಾಮಿಗೆ ಹೋದೆ. ಅರ್ಧ ಮನೆ ಅಕ್ಕನ ಹೆಸರಿಗೆ ಮಾಡಿಸಬೇಕು ಎಂದು ಪತ್ರ ಬರೆಯುವವರ ಮುಂದೆ ಕೂತೆ. ಅವರು ನನ್ನ ಮುಖವನ್ನು ವಿಚಿತ್ರವಾಗಿ ನೋಡಿ, ಎಲ್ಲ ಬರೆದುಕೊಂಡು, "ಸೋಮವಾರ ಅಕ್ಕಾರನ್ನ ಕರಕೊಂಡು ಬರ್ರಿ. ಐದು ಮಿನಿಟಿನ ಕೆಲಸ" ಅಂದರು.

"ಐದು ಮಿನಿಟಿನಾಗ ಆಗಂಗಿಲ್ರಿ" ಅಂದೆ. "ಆಕಿಗೆ ಕೂಡಾಕ ಒಂದು ಖುರ್ಚಿ ಹಾಕಿ ಇಡ್ರಿ."