ಸ್ಟಾಫ್ ರೂಮಿನ ಬೀಗದ ಕೈ

ವೇಣಿ, ನಿನಗೆ ಬೀಗದ ಕೈ ಕೊಟ್ಟವಳು ನಾನೇ. ಹೆಡ್ ಮಾಸ್ಟರು ಕೇಳಿದಾಗ ಕೊಟ್ಟಿಲ್ಲ ಎಂದವಳೂ ನಾನೇ. ಆ ಸುಳ್ಳಿನಿಂದ ನಿನ್ನನ್ನು ಹತ್ತನೇ ಕ್ಲಾಸಿನ ನಡುವೆ ಶಾಲೆಯಿಂದ ಹೊರಗೆ ಹಾಕಿದರು. ಇಷ್ಟು ಬರೆಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು — ಲೆಕ್ಕದ ಟೀಚರ್ ನಾನು, ಒಂದು ಸಾಲಿನ ಉತ್ತರಕ್ಕೆ ಪೆನ್ಸಿಲ್ ಕಚ್ಚುತ್ತ ಕೂತ ಮಕ್ಕಳಿಗೆ ಬೈಯುತ್ತಿದ್ದವಳು.

ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುತ್ತಿದ್ದೇನೆ, ಹೌದು. ಆದರೆ ಬೇರೆಯವರೂ ಇದನ್ನು ಓದಬೇಕು. ನಿನ್ನ ಊರಿನವರು, ನಮ್ಮ ಶಾಲೆಯವರು, ಮೊನ್ನೆಯಿಂದ ನನ್ನ ಮುಖವನ್ನು ಬೇರೆ ಥರ ನೋಡುತ್ತಿರುವ ನಿನ್ನ ಮಗಳು.

ನಮ್ಮದು ಕೋರಮಂಡಲ್‌ನಲ್ಲಿ ಚಿನ್ನದ ಗಣಿಯ ಕಾಲದಲ್ಲಿ ಕಟ್ಟಿದ ಪ್ರೌಢಶಾಲೆ. ಗಣಿ ಮುಚ್ಚಿತು, ಶಾಲೆ ಉಳಿಯಿತು. ಸಂಬಳ ಸರ್ಕಾರದ್ದು, ದರ್ಬಾರು ಆಡಳಿತ ಮಂಡಳಿಯದ್ದು. ನಾನು ಬಂಗಾರಪೇಟೆಯಿಂದ ರೈಲಿನಲ್ಲಿ ಬರುತ್ತಿದ್ದೆ. ಆ ಗಾಡಿಯ ಹಣೆಬರಹ ಈ ಕಡೆಯವರಿಗೆ ಗೊತ್ತೇ ಇದೆ: ದೊಡ್ಡ ಲೈನಿನ ಗಾಡಿಗಳೆಲ್ಲ ದಾಟಿ ಹೋಗುವವರೆಗೂ ಅದು ಬಡವರ ಮನೆಯ ನೆಂಟನಂತೆ ಒಂದು ಮೂಲೆಯಲ್ಲಿ ನಿಂತಿರಬೇಕು. ವಾರದಲ್ಲಿ ಮೂರು ನಾಲ್ಕು ದಿನ ನಾನು ಪ್ರಾರ್ಥನೆ ಮುಗಿದ ಮೇಲೆ ಗೇಟು ಮುಟ್ಟುತ್ತಿದ್ದೆ.

ದಿನಾ ರೈಲಿನಲ್ಲಿ ಓಡಾಡುವವರಿಗೆ ಒಂದು ಪದ್ಧತಿ ಇದೆ. ಸೀಟಿನ ಮೇಲೆ ಒಂದು ಟವಲ್ಲೋ ಶಾಲೋ ಬಿದ್ದರೆ ಆ ಸೀಟು ಹಾಕಿದವರದ್ದು. ಮನುಷ್ಯ ಇನ್ನೂ ಪ್ಲಾಟ್‌ಫಾರ್ಮಿನಲ್ಲಿ ಟೀ ಕುಡಿಯುತ್ತಿದ್ದರೂ ಬಂದು ಕೂತಿದ್ದಾನೆ ಎಂದೇ ಲೆಕ್ಕ, ಯಾರೂ ಪ್ರಶ್ನೆ ಮಾಡುವುದಿಲ್ಲ. ಆ ರೈಲಿನ ಬುದ್ಧಿಯನ್ನು ನಾನು ಶಾಲೆಗೆ ತಂದೆ. ನಮ್ಮ ಹೆಡ್ ಮಾಸ್ಟರು ಪ್ರಾರ್ಥನೆಗೆ ಮುಂಚೆ ಒಂದು ಸುತ್ತು ಬರುವರು. ಸ್ಟಾಫ್ ರೂಮಿನ ಕಿಟಕಿಯಲ್ಲಿ ಇಣುಕಿ, ಯಾರ ಕುರ್ಚಿಯ ಮೇಲೆ ಶಾಲೋ ಬ್ಯಾಗೋ ಇದೆಯೋ ಅವರು ಬಂದಿದ್ದಾರೆ ಎಂದು ಮುಂದೆ ಹೋಗುವರು. ನನ್ನ ಕುರ್ಚಿಯ ಮೇಲೆ ಒಂದು ಕಂದು ಶಾಲು ಬಿದ್ದಿದ್ದರೆ ಸಾಕಿತ್ತು. ಹಾಕುವವರು ಬೇಕಿತ್ತು, ಅಷ್ಟೆ.

ಆ ಹೊತ್ತಿಗೆ ಶಾಲೆಯಲ್ಲಿ ಇರುತ್ತಿದ್ದವಳು ನೀನು ಒಬ್ಬಳೇ. ಕಾಮಸಮುದ್ರದ ಕಡೆಯಿಂದ ಮೊದಲ ಬಸ್ಸಿಗೆ ಬಂದರೆ ತೀರಾ ಬೇಗ, ಎರಡನೆಯದಕ್ಕೆ ಬಂದರೆ ತಡ. ಹಾಗಾಗಿ ನೀನು ದಿನಾ ಜಗಲಿಯ ಮೇಲೆ ಕೂತು ಒಬ್ಬಳೇ ಲೆಕ್ಕ ಮಾಡುತ್ತಿದ್ದೆ. ಜವಾನನ ಕೆಲಸ ಖಾಲಿ ಬಿದ್ದು ಆಗಲೇ ವರ್ಷವಾಗಿತ್ತು, ಸ್ಟಾಫ್ ರೂಮಿನ ಬೀಗದ ಕೈ ನಮ್ಮಲ್ಲೇ ಮೂವರ ಹತ್ತಿರ ಇತ್ತು. ನನ್ನದನ್ನು ನಿನ್ನ ಕೈಗೆ ಹಾಕಿದೆ. "ಬಾಗಿಲು ತೆಗೆದು, ಡ್ರಾದಲ್ಲಿರೋ ಶಾಲನ್ನ ನನ್ನ ಕುರ್ಚಿ ಮೇಲೆ ಹಾಕಿ ಬಾ. ಯಾರಿಗೂ ಹೇಳ್ಬೇಡ" ಎಂದೆ. "ಏಳಲ್ಲ ಟೀಚರ್" ಎಂದೆ ನೀನು. ಬೀಗದ ಕೈಯನ್ನು ಜಾಮಿಟ್ರಿ ಬಾಕ್ಸಿನಲ್ಲಿ, ಕೈವಾರದ ಪಕ್ಕ ಇಟ್ಟುಕೊಂಡೆ. ಎಷ್ಟು ಹೆಮ್ಮೆ ನಿನ್ನ ಮುಖದಲ್ಲಿ — ಟೀಚರ್ ನಿನ್ನನ್ನು ನಂಬಿದ್ದಾಳೆಂದು.

ಅರ್ಧವಾರ್ಷಿಕ ಪರೀಕ್ಷೆಯ ದಿನ ಗಣಿತದ ಪ್ರಶ್ನೆಪತ್ರಿಕೆ ಎರಡು ಕಡಿಮೆ ಬಂತು. ಬಂಗಾರಪೇಟೆಯ ಪ್ರೆಸ್ಸಿನಿಂದ ಕಟ್ಟನ್ನು ಹಿಂದಿನ ದಿನ ಸ್ಟಾಫ್ ರೂಮಿನಲ್ಲಿ ತಂದಿಟ್ಟವಳು ನಾನೇ. ಬೆಳಿಗ್ಗೆ ನೀನು ಸ್ಟಾಫ್ ರೂಮಿನಿಂದ ಹೊರಗೆ ಬರುವುದನ್ನು ಡ್ರಿಲ್ ಮಾಸ್ಟರು ನೋಡಿದ್ದರು. ನಿನ್ನ ಬಾಕ್ಸ್ ತೆರೆಸಿದರು. ಬೀಗದ ಕೈ ಸಿಕ್ಕಿತು. ನಾನು ಅವತ್ತೂ ತಡವಾಗಿ ಬಂದು ಏದುಸಿರು ಬಿಡುತ್ತ ನಿಂತಿದ್ದೆ. ಹೆಡ್ ಮಾಸ್ಟರು ಅದನ್ನು ಎತ್ತಿ ಹಿಡಿದು, "ಮೇಡಮ್, ಇದು ನಿಮ್ಮದಲ್ವಾ? ನೀವು ಕೊಟ್ಟಿದ್ದಾ?" ಎಂದರು.

"ಇಲ್ಲ ಸರ್. ನಾನ್ಯಾಕೆ ಕೊಡ್ಲಿ?"

ಆ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ನಾನೇ ದಂಗಾದೆ. 'ಇಲ್ಲ' ಎಂದದ್ದು ಭಯ ಇರಬಹುದು. ಆದರೆ ಆ ಎರಡನೆಯ ಮಾತು — ನಾನ್ಯಾಕೆ ಕೊಡ್ಲಿ — ಅದು ಭಯವಲ್ಲ, ಜಾಣತನ. ನನ್ನ ಹುದ್ದೆಗೆ ಇಲಾಖೆಯ ಅನುಮೋದನೆ ಬರಬೇಕಿತ್ತು, ಇನ್ನೊಂದು ಸಲ ತಡವಾದರೆ ಮಂಡಳಿಗೆ ಬರೆಯುತ್ತೇನೆಂದು ಹೆಡ್ ಮಾಸ್ಟರು ಎಚ್ಚರಿಸಿದ್ದರು. ಇದ್ದದ್ದು ಇಷ್ಟೇ. ಇದಕ್ಕಿಂತ ದೊಡ್ಡದೇನೂ ಇರಲಿಲ್ಲ.

ನೀನು ನನ್ನನ್ನು ನೋಡಿದೆ. ನೀನು ಈಗ ಬಾಯಿ ಬಿಡುತ್ತೀಯ, ನನ್ನ ಕಥೆ ಮುಗಿಯಿತು ಎಂದುಕೊಂಡೆ. ನೀನು ಹೇಳಿದ್ದೇ ಬೇರೆ.

"ಟೀಚರ್ ಕೊಟ್ಟಿಲ್ಲ ಸಾ. ಬ್ಯಾಗಿಂದ ನಾನೇ ತಕ್ಕಂಡೆ."

ಹದಿನೈದು ವರ್ಷದ ಹುಡುಗಿ ನೀನು. ಯಾರಿಗೂ ಹೇಳಬೇಡ ಎಂದಿದ್ದೆನಲ್ಲ, ಅದಕ್ಕೆ ನೀನು ಕಟ್ಟುಬಿದ್ದೆ. ನಾನು — ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಅದನ್ನೂ ಮಾಡಲಿಲ್ಲ. ನೆಟ್ಟಗೆ ನಿಂತಿದ್ದೆ.

ಮೊದಲು ಒಂದು ವಾರ ಸಸ್ಪೆಂಡ್ ಮಾಡಿದರು. ಆಮೇಲೆ ಮಂಡಳಿಯವರು ಸೇರಿ ಟಿ.ಸಿ. ಕೊಟ್ಟು ಕಳಿಸುವುದೆಂದು ತೀರ್ಮಾನಿಸಿದರು. ಒಂದು ಹುಡುಗಿಯನ್ನು ಹೊರಗೆ ಹಾಕುವುದು ಇಷ್ಟು ಸಲೀಸು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಟೀ ಬರುವಷ್ಟರಲ್ಲಿ ಮುಗಿದಿತ್ತು. ಕ್ಲಾಸ್ ಟೀಚರ್ ಆದ್ದರಿಂದ ನಡತೆಯ ಕಾಲಮ್ಮಿನಲ್ಲಿ ಬರೆಯುವುದು ನನ್ನ ಪಾಲಿಗೆ ಬಂತು. 'ತೃಪ್ತಿಕರವಲ್ಲ' ಎಂದು ಬರೆದೆ. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಾರೆ.

ನಿನ್ನ ಅಮ್ಮ ಮುನಿಯಮ್ಮ ಕೂಲಿ ಬಿಟ್ಟು ಬಂದು ನನ್ನನ್ನು ಜಗಲಿಯಲ್ಲಿ ಹಿಡಿದುಕೊಂಡರು. "ನಮ್ ಉಡ್ಗಿ ಅಂತಾದಲ್ಲಮ್ಮ. ಮನೇಗೆ ಬಂದ್ರೆ ನಿಮ್ಮೆಸ್ರೇ ಏಳ್ತಿರ್ತದೆ. ನೀವೊಂದ್ ಮಾತ್ ಏಳಿದ್ರೆ ಕೇಳ್ತಾರೆ, ಒಂದೇ ಒಂದ್ ಮಾತು" ಎಂದರು. ಅವರ ಕೈಗೆ ಇನ್ನೂ ಟೊಮೆಟೊ ಗಿಡದ ಹಸಿರು ಅಂಟಿತ್ತು. "ಮಂಡಳಿಯವರ ತೀರ್ಮಾನ ಅಮ್ಮ, ನನ್ನ ಕೈಲಿ ಏನಿದೆ" ಎಂದೆ. ನನ್ನ ಕೈಯಲ್ಲೇ ಎಲ್ಲ ಇತ್ತು.

ಇಷ್ಟಕ್ಕೇ ನಿಂತಿದ್ದರೆ — ಇಲ್ಲ, ಇಷ್ಟಕ್ಕೇ ನಿಂತಿದ್ದರೂ ಕ್ಷಮೆ ಇಲ್ಲ. ಆದರೆ ನಿಲ್ಲಲಿಲ್ಲ. ಇದು ಇಷ್ಟು ವರ್ಷ ನಿನಗೂ ಗೊತ್ತಿರಲಿಲ್ಲ, ವೇಣಿ. ತಿಂಗಳು ಕಳೆದು ಕಿರುಪರೀಕ್ಷೆಯ ಕಾಗದ ತರಲು ಅದೇ ಪ್ರೆಸ್ಸಿಗೆ ಹೋದೆ. ಪ್ರೆಸ್ಸಿನ ಯಜಮಾನರು ಕಟ್ಟು ಕೊಡುತ್ತ ನಕ್ಕರು.

"ಈ ಸಲ ಎಣಿಸ್ಕಂಡು ಓಗಿ ಮೇಡಮ್. ಓದ್ ಸಲ ರೈಲಿಗೆ ಒತ್ತಾಯ್ತು ಅಂತ ಅಂಗೇ ಓಡಿದ್ರಿ. ನಿಮ್ದು ಎರಡ್ ಕಾಗ್ದ ಇಲ್ಲೇ ಮಿಷಿನ್ ಪಕ್ಕ ಉಳ್ಕಂಡಿತ್ತು."

"ಯಾವ ಕಾಗದ?" ಎಂದೆ, ಗೊತ್ತಿದ್ದೂ. ಲೆಕ್ಕದ್ದು ಎಂದರು. ರದ್ದಿಗೆ ಹಾಕಿದೆ, ಎರಡು ಕಾಗದಕ್ಕೆ ಏನೆಂದು ಹೇಳಿ ಕಳಿಸುವುದು ಎಂದರು. ಎಣಿಸಿ ತರಬೇಕಾದವಳು ನಾನು. ಎಣಿಸಿದೆ ಎಂದು ಸಹಿ ಹಾಕಿದವಳೂ ನಾನು. ಕಳ್ಳತನವೇ ನಡೆದಿರಲಿಲ್ಲ. ನಿನ್ನನ್ನು ಹೊರಗೆ ಹಾಕಿದ್ದು ನಡೆಯದೇ ಇದ್ದ ಕಳ್ಳತನಕ್ಕೆ.

ಆಗಿನ್ನೂ ಪಬ್ಲಿಕ್ ಪರೀಕ್ಷೆಗೆ ಹೆಸರು ಸೇರಿಸಲು ಸಮಯವಿತ್ತು. ರೈಲಿನಲ್ಲಿ ಕೂತು, ಶಾಲೆ ಮುಟ್ಟಿದ ತಕ್ಷಣ ಹೇಳಿಬಿಡುತ್ತೇನೆ ಎಂದುಕೊಂಡೆ. ಮುಟ್ಟಿದೆ. ಹೆಡ್ ಮಾಸ್ಟರು ಎದುರಿಗೇ ಸಿಕ್ಕರು. "ನಿಮ್ಮ ಅನುಮೋದನೆ ಬಂತು ಮೇಡಮ್, ಸ್ವೀಟ್ ಎಲ್ಲಿ?" ಎಂದರು. ನಾನು ಅಂಗಡಿಗೆ ಹೋಗಿ ಮೈಸೂರು ಪಾಕು ತಂದು ಹಂಚಿದೆ. ನಿನ್ನ ಕ್ಲಾಸಿನ ಮಕ್ಕಳಿಗೂ ಹಂಚಿದೆ. ಇದನ್ನು ಬರೆಯುವಾಗ ಅನ್ನಿಸುತ್ತದೆ — ಯಾರು ಆ ಹೆಂಗಸು? ನಾನೇ.

ಈ ಜೂನಿನಲ್ಲಿ ನೀನು ಬಂದೆ. ಹೆಡ್ ಮಿಸ್ಟ್ರೆಸ್ ಕುರ್ಚಿಯಲ್ಲಿ ನಾನು ಕೂತಿದ್ದೆ. ಮಗಳು ಚೈತ್ರಳನ್ನು ಎಂಟನೇ ಕ್ಲಾಸಿಗೆ ಸೇರಿಸಬೇಕೆಂದು ನೀನು ಕಾಗದ ಮುಂದಿಟ್ಟೆ. ನಾನು ಮೊದಲು ಗುರುತಿಸಿದ್ದು ನಿನ್ನ ಮುಖವನ್ನಲ್ಲ, 'ಟೀಚರ್' ಎನ್ನುವ ದನಿಯನ್ನು. ಬಂಗಾರಪೇಟೆಯ ಹತ್ತಿರ ಬಟ್ಟೆ ಫ್ಯಾಕ್ಟರಿಯಲ್ಲಿ ಹೊಲಿಗೆ ಕೆಲಸ ಎಂದೆ ನೀನು. "ಅತ್ನೇ ಕ್ಲಾಸ್ ಆಗಿದ್ರೆ ಸೂಪರ್‌ವೈಸರ್ ಮಾಡ್ತಿದ್ರಂತೆ ಟೀಚರ್. ಓಗ್ಲಿ ಬುಡಿ" ಎಂದೆ. ಆ ಸಸ್ಪೆಂಡ್ ಆದ ವಾರ ದಿನಾ ಅದೇ ಬಸ್ಸಿಗೆ ಬಂದು ಸ್ಟ್ಯಾಂಡಿನಲ್ಲಿ ಕೂತಿರುತ್ತಿದ್ದೆಯಂತೆ. "ನೀವು ಸರಿ ಮಾಡಿ ಕರೆಸ್ತೀರ ಅಂತ" ಎಂದು ನಕ್ಕೆ. ನನಗೆ ಅಳುವುದಕ್ಕೂ ಆಗಲಿಲ್ಲ, ಎದುರಿಗೆ ಮಗು ಇತ್ತು.

ಸಹಿ ಮುಗಿದ ಮೇಲೆ ನೀನು ಎದ್ದು ನಿಂತೆ. ಮಗುವಿಗೆ ಬದನೆಕಾಯಿ ಆಗದು, ಕೊಡಬೇಡಿ ಎಂದು ತಾಯಿ ಹೇಳುತ್ತಾಳಲ್ಲ, ಅಷ್ಟೇ ಸಾದಾ ದನಿಯಲ್ಲಿ ಹೇಳಿದೆ:

"ಒಂದೇ ಮಾತು ಟೀಚರ್. ನಮ್ ಉಡ್ಗಿ ಕೈಗೆ ಯಾವ ಬೀಗದ್ ಕೈನೂ ಕೊಡ್ಬ್ಯಾಡಿ."

ಅಲ್ಲೇ ಹೇಳಬೇಕಿತ್ತು. ಮೇಜಿನ ಆಚೆ ನೀನು, ಪಕ್ಕದಲ್ಲಿ ಅವಳು. ನನ್ನ ಬಾಯಿಂದ ಬಂದದ್ದು "ಆಯ್ತಮ್ಮ" ಎಂಬುದೊಂದೇ. ಇಪ್ಪತ್ತು ವರ್ಷದಲ್ಲಿ ನಾನು ಕಲಿತದ್ದು ಇಷ್ಟು.

ನಿನ್ನ ಕಡೆಯ ಬಸ್ಸು ಇವತ್ತಿಗೂ ಹಾಗೇ ಇದೆ. ಚೈತ್ರಳೂ ಬೇಗ ಬಂದು ಅದೇ ಜಗಲಿಯಲ್ಲಿ ಕೂರುತ್ತಾಳೆ. ನಾನೀಗ ರೈಲು ಬಿಟ್ಟು ಬಸ್ಸಿನಲ್ಲಿ ಬೇಗ ಬರುತ್ತೇನೆ. ಮೊನ್ನೆ ಎರಡೂ ಕೈಯಲ್ಲಿ ಪುಸ್ತಕ ಹೊತ್ತು ಸ್ಟಾಫ್ ರೂಮಿನ ಮುಂದೆ ನಿಂತು ಬೀಗದ ಕೈಗೆ ತಡಕಾಡುತ್ತಿದ್ದೆ. ಅವಳು ಓಡಿ ಬಂದು ಕೈ ಚಾಚಿದಳು. "ಕೊಡಿ ಮಿಸ್, ನಾನ್ ತೆಗೀತೀನಿ."

ಬೀಗದ ಕೈ ಕೊಡಲಿಲ್ಲ. ಪುಸ್ತಕಗಳನ್ನು ನೆಲಕ್ಕಿಟ್ಟೆ. ಅವಳ ಮುಖ ಸಣ್ಣದಾಯಿತು. ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, "ನಾನ್ ಕದಿಯಲ್ಲ ಮಿಸ್" ಎಂದಳು. "ನಮ್ಮಮ್ಮ ಎಲ್ಲಾ ಏಳೈತೆ ನಂಗೆ. ಚಿಕ್ಕೋಳಿದ್ದಾಗ ಟೀಚರ್ ಬ್ಯಾಗಿಂದ ತಕ್ಕಂಡಿತ್ತಂತೆ, ಅದಕ್ಕೇ ಸ್ಕೂಲ್ ಬುಡಿಸಿದ್ರಂತೆ. ಯಾರ್ ವಸ್ತೂನೂ ಮುಟ್ಬ್ಯಾಡ ಅಂತ ದಿನಾ ಏಳ್ತದೆ."

ವೇಣಿ, ನೀನು ಹೆತ್ತ ಮಗಳಿಗೂ ಹೇಳಿರಲಿಲ್ಲ. ಯಾರಿಗೂ ಹೇಳಬೇಡ ಎಂದು ನಾನು ಯಾವ ಹೊತ್ತಿನಲ್ಲಿ ಅಂದೆನೋ — ನೀನು ಕಳ್ಳಿ ಎನ್ನಿಸಿಕೊಂಡು ಬಾಳಿದೆ, ಮಗಳ ಬಾಯಲ್ಲೂ. ಜಗಲಿಯ ಮೇಲೆ ಅವಳ ಪಕ್ಕ ಕೂತು ಎಲ್ಲ ಹೇಳಿದೆ. ಶಾಲು, ರೈಲು, ಪ್ರೆಸ್ಸು, ಮೈಸೂರು ಪಾಕು, ಏನನ್ನೂ ಬಿಡಲಿಲ್ಲ. ಅವಳು ಬಾಯಿ ತೆರೆದು ಕೇಳಿಸಿಕೊಂಡಳು. ನನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಒಂದೇ.

"ಅಂಗಾದ್ರೆ ನಮ್ಮಮ್ಮ ಕದ್ದಿರ್ಲಿಲ್ವಾ ಮಿಸ್?"

"ಇಲ್ಲ" ಎಂದೆ.

ಮತ್ತೆ ಕೇಳಿದಳು. ಮತ್ತೆ ಇಲ್ಲ ಎಂದೆ. ಅವಳು ಚೀಲ ಜಗಲಿಯಲ್ಲೇ ಬಿಟ್ಟು, ಫ್ಯಾಕ್ಟರಿಯಲ್ಲಿರುವ ನಿನಗೆ ಫೋನ್ ಮಾಡಬೇಕೆಂದು ಆಫೀಸಿನ ಬಾಗಿಲಿಗೆ ಓಡಿದಳು. ಬಾಗಿಲಿಗೆ ಬೀಗ ಇತ್ತು. ನಾನು ಹೋಗಿ ತೆಗೆದೆ. ನೀನು ಎತ್ತಲಿಲ್ಲ, ಕೆಲಸದ ಹೊತ್ತಲ್ಲವೇ.

ಮಂಡಳಿಗೆ ನನ್ನ ತಪ್ಪನ್ನು ಬರೆದು ಕೊಟ್ಟಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ಸೋಮವಾರ ಪ್ರಾರ್ಥನೆಯಾದ ಮೇಲೆ ಎಲ್ಲ ಮಕ್ಕಳ ಮುಂದೆ ಇದನ್ನೇ ಹೇಳುತ್ತೇನೆ. ನೀನು ಬರಲೇಬೇಕೆಂದಿಲ್ಲ. ಕ್ಷಮಿಸು ಎಂದು ಕೇಳುವುದೂ ಇಲ್ಲ, ಕೇಳಿದರೆ ನೀನು 'ಓಗ್ಲಿ ಬುಡಿ' ಎಂದುಬಿಡುತ್ತೀಯ. ಬರುವುದಾದರೆ ಮುನಿಯಮ್ಮನವರನ್ನೂ ಕರೆದುಕೊಂಡು ಬಾ. ಅವರು ಕೇಳಿದ ಆ ಒಂದು ಮಾತನ್ನು ಅವರ ಎದುರಿಗೇ ಹೇಳಬೇಕು.